ಮರವಂತೆ ಚಂದ್ರ, ಮೂರನೇ ಸಲ

ತುಮಕೂರಲ್ಲಿ ಕೂತ್ಕೊಂಡು ಸಮುದ್ರದ ಫೋಟೋ ಹುಚ್ಚು ಹತ್ತಿಸ್ಕೊಂಡಿರೋದು ನಾನೊಬ್ನೇ ಇರ್ಬೇಕು. ನಮ್ಮ ಕರಾವಳಿಲಿ ಸೂರ್ಯ ಹುಟ್ಟೋದು ಘಟ್ಟದ ಹಿಂದೆ, ಬೆಳಗ್ಗೆ ಹೊತ್ತು ಬೀಚಲ್ಲಿ ನಿಂಗೇನ್ ಕೆಲಸ ಅಂತ ಫ್ರೆಂಡ್ಸ್ ರೇಗಿಸ್ತಾರೆ. ಆದ್ರೆ ಹುಣ್ಣಿಮೆ ಆಸುಪಾಸಲ್ಲಿ ಇತ್ತ ಸೂರ್ಯ ಹುಟ್ಟೋ ಹೊತ್ತಿಗೇ ಅತ್ತ ಚಂದ್ರ ಅರಬ್ಬೀ ಸಮುದ್ರಕ್ಕೆ ಇಳೀತಿರ್ತಾನೆ, ನಂಗೆ ಬೇಕಿರೋದು ಅದು. ಮರವಂತೆನೇ ಯಾಕಂದ್ರೆ ಹೈವೇ 66ರ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ರೋಡ್ ದಾಟಿದ್ರೆ ಸೂರ್ಯನೂ ಸಿಕ್ತಾನೆ.

ಮೊದಲನೇ ಸಲ ರಜೆ ಸಿಗ್ಲಿಲ್ಲ ಅಂತ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಹೋದೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ಲೇಟಾಗಿ ಮುಳುಗ್ತಾನೆ ಅನ್ನೋದು ತಲೇಲೇ ಇರ್ಲಿಲ್ಲ. ಪೂರ್ತಿ ಬೆಳಕಾದ್ರೂ ಹಪ್ಪಳದ ತುಂಡಿನ ಥರ ಮೇಲೇ ಕೂತಿದ್ದ.

ಎರಡನೇ ಸಲ ಲಾಡ್ಜ್ ಎಸಿ ರೂಮಿಂದ ಕ್ಯಾಮೆರಾ ಸೀದಾ ಹೊರಗೆ ತಂದೆ, ಲೆನ್ಸ್ ತುಂಬಾ ಆವಿ, ಒರೆಸಿದಷ್ಟೂ ಮತ್ತೆ ಕೂರ್ತಿತ್ತು. ದೇವರಾಯನದುರ್ಗದಲ್ಲಿ ಇಷ್ಟು ವರ್ಷ ಬೆಳಗ್ಗೆ ಶೂಟ್ ಮಾಡಿದೀನಿ, ಒಂದಿನಾನೂ ಹಿಂಗಾಗಿರ್ಲಿಲ್ಲ.

ಈ ಸಲ ಫ್ಯಾನ್ ರೂಮು, ಕಿಟಕಿ ತೆಗೆದಿಟ್ಟೇ ಮಲಗಿದ್ದು. 5:30ಕ್ಕೆಲ್ಲ ಮರಳಲ್ಲಿ ಟ್ರೈಪಾಡ್ ನೆಟ್ಟೆ. ಅಲೆ ಬಂದು ವಾಪಸ್ ಹೋಗುವಾಗ ಕಾಲಡಿ ಮರಳು ಎಳ್ಕೊಂಡು ಹೋಗತ್ತೆ, ಟ್ರೈಪಾಡ್ ಹಂಗೇ ಒಂದು ಕಡೆ ವಾಲತ್ತೆ, ಅದಕ್ಕೆ ಮೊದ್ಲೇ ಮೊಣಕೈ ಹಾಕಿ ಒತ್ತಿ ಎರಡು ಮೂರು ಅಲೆ ಸುಮ್ನೆ ಹೋಗಕ್ಕೆ ಬಿಟ್ಟು ಆಮೇಲೇ ಫ್ರೇಮ್ ಇಟ್ಟೆ. ಫಿಲ್ಟರ್ ಮೇಲೆ ಕೂರೋ ಉಪ್ಪು ಒರೆಸಕ್ಕೆ ಅಪ್ಪನ ಹಳೇ ಪಂಚೆ ತುಂಡು, ಅಂಗಡಿ ಬಟ್ಟೆ ಇದರ ಮುಂದೆ ಏನೂ ಅಲ್ಲ.

ಚಂದ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ, ಇನ್ನೇನು ನೀರು ಮುಟ್ಬೇಕು ಅನ್ನುವಾಗ ಮಬ್ಬಲ್ಲಿ ಕರಗಿ ಹೋದ. ಪಕ್ಕದಲ್ಲಿದ್ದ ಇಬ್ರು ಹುಡುಗ್ರು ಎಲ್ಲ ಮಡಚ್ಕೊಂಡು ಟೀಗೆ ಹೋದ್ರು. ನಾನು ಉಳ್ಕೊಂಡಿದ್ದು ದೊಡ್ಡ ತಾಳ್ಮೆ ಇಂದಲ್ಲ, ವಾಪಸ್ ಬಸ್ಸಿಗೆ ಟೈಮಿತ್ತು ಅಷ್ಟೇ. ಕೈರಂಪಣಿ ಬಲೆ ಎಳೆಯಕ್ಕೆ ಬಂದಿದ್ದ ಅಜ್ಜರೊಬ್ರು ನಿಂತು ನೋಡಿ, "ಚಂದ್ರನ್ ಫೋಟೋ ತೆಗುಕೆ ಅಷ್ಟ್ ದೂರದಿಂದ ಬಂದದ್ದಾ ಮರಾಯ್ರೆ? ನಿಮ್ಮೂರಂಗೆ ಚಂದ್ರ ಇಲ್ಯಾ?" ಅಂದ್ರು. ನಗು ಬಂತು, ಉತ್ತರ ಬರ್ಲಿಲ್ಲ.

ಅಷ್ಟೊತ್ತಿಗೆ ಸಮುದ್ರದ ಅಂಚಲ್ಲಿ ಬೂದು ನೀಲಿ ಪಟ್ಟಿ, ಅದರ ಮೇಲೆ ತೆಳುವಾಗಿ ಗುಲಾಬಿ. ಆ ನೀಲಿ ಭೂಮಿದೇ ನೆರಳಂತೆ, ಹಿಂದೆ ಸೂರ್ಯ ಮೇಲೆ ಬಂದಷ್ಟೂ ಇದು ಕೆಳಗಿಳಿದು ನೀರಲ್ಲಿ ಸೇರ್ಕೊಂಡ್ಬಿಡತ್ತೆ. ಒಂದು ನಾಡದೋಣಿ ಸರಿಯಾಗಿ ಆ ಗುಲಾಬಿ ಕೆಳಗೆ ಬಂತು. ಅಲುಗಾಡೋ ದೋಣಿ ಮಸುಕಾಗ್ಬಾರ್ದು ಅಂತ ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 100ರಿಂದ 400ಕ್ಕೆ ಏರಿಸಿ ಶಟರ್ ಸೆಕೆಂಡಿನ 1/60ಕ್ಕೆ ತರೋ ಅಷ್ಟರಲ್ಲಿ ಕೈ ನಡುಗ್ತಿತ್ತು, ಸಿಕ್ಕಿದ್ದು ಆರೇ ಫ್ರೇಮು. ಒಂದ್ರಲ್ಲಿ ಹುಟ್ಟು ಹಾಕ್ತಿದ್ದೋರು ನನ್ ಕಡೆ ತಿರುಗಿದಾರೆ, ಅದನ್ನೇ ಪ್ರಿಂಟ್ ಹಾಕಿಸ್ತೀನಿ.

ಚಂದ್ರ ನೀರು ಮುಟ್ಟೋ ಫೋಟೋ ಮಾತ್ರ ಇನ್ನೂ ಬಾಕಿ. ಮನೇಲಿ ಕ್ಯಾಲೆಂಡರ್‌ನಲ್ಲಿ ಮುಂದಿನ ಹುಣ್ಣಿಮೆಗೆ ಪೆನ್ನಲ್ಲಿ ಸುತ್ತು ಹಾಕಿಟ್ಟಿದೀನಿ, ಅಮ್ಮ ಅದನ್ನ ಸತ್ಯನಾರಾಯಣ ಪೂಜೆಗೆ ಅಂದ್ಕೊಂಡು ಆಗ್ಲೇ ಅಕ್ಕಂಗೆ ಫೋನ್ ಮಾಡಿ ಬಾ ಅಂದಿದಾರೆ.