ಅವನು ಮಾಡಲ್ಲ, ಅದು ಮಾಡುತ್ತೆ

ಸೋಮವಾರ ಸಂಜೆ ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆ. ಆ ಕಡೆಯಿಂದ ಚಿಕ್ಕಮ್ಮ ಏನು ಕೇಳಿದಳೋ, ಅಮ್ಮ ಕೊಟ್ಟ ಉತ್ತರ ಮಾತ್ರ ಗೋಡೆ ದಾಟಿ ನೆಟ್ಟಗೆ ಬಂತು: “ಅಯ್ಯೋ, ಅವನೆಲ್ಲಿ ಅಡುಗೆ ಮಾಡ್ತಾನೆ? ಅವನು ಮಾಡಲ್ಲ ಕಣೇ, ಅದು ಮಾಡುತ್ತೆ.”

ಅದು ಅಂದರೆ ನನ್ನ ಕರೆಂಟ್ ಕುಕ್ಕರ್. ಇವತ್ತು ಶನಿವಾರ. ಹಲ್ಲುಜ್ಜುವಾಗ, ಅಕ್ಕಿ ತೊಳೆಯುವಾಗ, ಆಫೀಸಿನ ಮೀಟಿಂಗಿನಲ್ಲಿ ಯಾರೋ ಏನೋ ಕೇಳಿ ನಾನು ಬ್ಬೆಬ್ಬೆ ಅಂದಾಗ, ಎಲ್ಲ ಹೊತ್ತಲ್ಲೂ ಆ ಒಂದು ಸಾಲು ತಲೆಯಲ್ಲಿ ಓಡುತ್ತಿದೆ. ಅವನು ಮಾಡಲ್ಲ ಕಣೇ, ಅದು ಮಾಡುತ್ತೆ. ಬೈಗುಳವಾಗಿದ್ದರೆ ತಿರುಗಿ ಬೈದು ಮರೆಯಬಹುದಿತ್ತು. ಅಮ್ಮ ಬೈದಿರಲಿಲ್ಲ. ಹೊರಗೆ ಮಳೆ ಬರ್ತಿದೆ ಅನ್ನುವ ಹಾಗೆ, ಕಂಡದ್ದನ್ನು ಹೇಳಿದ್ದಳು, ಅಷ್ಟೇ.

ಎರಡು ವರ್ಷದಿಂದ ವಾರದ ಐದು ದಿನ ನಮ್ಮ ಮನೆಯ ಅಡುಗೆ ನನ್ನದು. ಹೆಂಡತಿ ಬೆಳಕು ಹರಿಯುವ ಮುಂಚೆ ಹೊರಟರೆ ಮನೆಗೆ ಬರುವುದು ಕತ್ತಲಾದ ಮೇಲೆ. ನನಗೆ ಅಲ್ಲಿಯವರೆಗೆ ಬರುತ್ತಿದ್ದದ್ದು ಟೀ ಮತ್ತು ಆಮ್ಲೆಟ್. ಈ ಕುಕ್ಕರ್ ಬಂದ ಮೇಲೆ ಅನ್ನ, ಬೇಳೆ, ಕಡಲೆಕಾಳು, ಸೂಪು, ಬೇಯಿಸಿದ ಮೊಟ್ಟೆ, ಕಡೆಗೆ ಮೊಸರು ಕೂಡ. ನಾನು ಇದರ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಒಪ್ಪುತ್ತೇನೆ. ಸ್ವಲ್ಪ ಅಲ್ಲ, ಸಾಕಷ್ಟು. ಅಡುಗೆ ಮಾಡುವ ಗಂಡಸಿಗೆ ಸಿಗುವ ಹೊಗಳಿಕೆಯಲ್ಲಿ ಕಾಲು ಭಾಗ ಕೂಡ ಅಡುಗೆ ಮಾಡುವ ಹೆಂಗಸಿಗೆ ಸಿಗುವುದಿಲ್ಲ, ಅದು ಗೊತ್ತಿದ್ದೂ ನಾನು ಆ ಹೊಗಳಿಕೆಯನ್ನು ಒಂದು ದಿನವೂ ಬೇಡ ಅಂದವನಲ್ಲ.

ಅಮ್ಮ ಬಂದದ್ದು ಭಾನುವಾರ. ಅವತ್ತು ರಾತ್ರಿಯೇ ಶುರುವಾಯಿತು. ಬೇಳೆ ತೊಳೆದು, ನೀರು ಹಾಕಿ, ಮುಚ್ಚಳ ತಿರುಗಿಸಿ, ಎಂಟು ನಿಮಿಷ ಒತ್ತಿ ನಾನು ಹೊರಗೆ ಬಂದು ಕೂತೆ. ಅಮ್ಮ ಬರಲಿಲ್ಲ. ಹೋಗಿ ನೋಡಿದರೆ ಕುಕ್ಕರಿನ ಮುಂದೆ, ಬಸ್ಸಿಗೆ ಕಾಯುವವರ ಹಾಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾಳೆ.

“ಇದು ಯಾವಾಗ ಕೂಗುತ್ತೆ?”

“ಕೂಗಲ್ಲಮ್ಮ.”

“ಕೂಗ್ದೆ ಇದ್ರೆ ಬೆಂದಿದ್ದು ಹೇಗೆ ಗೊತ್ತಾಗುತ್ತೆ?”

ವಿವರಿಸುವ ಅವಕಾಶ ಸಿಕ್ಕಿತಲ್ಲ, ಬಿಡುತ್ತೇನೆಯೇ. ಒಲೆ ಮೇಲಿನ ಕುಕ್ಕರಿಗೆ ಒಳಗೆ ಎಷ್ಟು ಒತ್ತಡ ಆಗಿದೆ ಅಂತ ತಿಳಿಯುವುದಿಲ್ಲ. ಉರಿ ಉರಿಯುತ್ತಲೇ ಇರುತ್ತದೆ, ಹಬೆ ಹೆಚ್ಚುತ್ತಲೇ ಇರುತ್ತದೆ, ಸುಮಾರು 15 ಪಿಎಸ್‌ಐ (ಅದು ಒತ್ತಡದ ಅಳತೆ) ದಾಟಿದಾಗ ಮೇಲಿನ ವೆಯ್ಟನ್ನು ಎತ್ತಿ ಹೊರಗೆ ನುಗ್ಗುತ್ತದೆ. ಅದೇ ಕೂಗು. ಆಗ ಒಳಗಿನ ನೀರು 121 ಡಿಗ್ರಿಯ ಹತ್ತಿರ ಇರುತ್ತದೆ. ಕರೆಂಟಿನದಕ್ಕೆ ಒಳಗೇ ಸೆನ್ಸರ್ ಇದೆ. ಒತ್ತಡ ಹತ್ತು, ಹನ್ನೊಂದು ಪಿಎಸ್‌ಐ ಮುಟ್ಟಿದ ಕೂಡಲೇ ಹೀಟರ್ ತಾನೇ ಆಫ್ ಆಗುತ್ತದೆ, ಇಳಿದರೆ ತಾನೇ ಆನ್ ಆಗುತ್ತದೆ. ಹಬೆ ಹೊರಗೆ ಬರುವ ಪ್ರಮೇಯವೇ ಇಲ್ಲ, ಇನ್ನು ಕೂಗುವುದೆಲ್ಲಿ. ಬಿಸಿ ಮಾತ್ರ ಕೊಂಚ ಕಡಿಮೆ, 115ರಿಂದ 118 ಡಿಗ್ರಿ. ಅದಕ್ಕೇ ಇದರಲ್ಲಿ ಬೇಯಲು ಸ್ವಲ್ಪ ಜಾಸ್ತಿ ಹೊತ್ತು.

ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: “ಅಂದ್ರೆ ಅದಕ್ಕೆ ಗೊತ್ತಾಗುತ್ತೆ. ನಿನಗೆ ಗೊತ್ತಾಗಲ್ಲ.”

ಉತ್ತರ ಹೊಳೆಯದೆ ತಟ್ಟೆ ಹಾಕಲು ಹೋದೆ. ಅಷ್ಟರಲ್ಲಿ ಅವಳು ಗೋಡೆ ಗಡಿಯಾರ ನೋಡಿ ಇನ್ನೊಂದು ಹಾಕಿದಳು. “ಎಂಟು ನಿಮಿಷ ಅಂತ ಬರೆದಿದೆ, ಆಗಲೇ ಕಾಲು ಗಂಟೆ ಆಯ್ತು.” ಇದು ನಿಜಕ್ಕೂ ಈ ಯಂತ್ರದ ಸಣ್ಣ ಮೋಸ. ಎಂಟು ನಿಮಿಷ ಅನ್ನುವುದು ಒತ್ತಡ ಏರಿದ ಮೇಲಿನ ಲೆಕ್ಕ. ಏರಲು ಹತ್ತು ಹನ್ನೆರಡು ನಿಮಿಷ ಬೇಕು, ಪಾತ್ರೆ ತುಂಬಿದ್ದರೆ ಇನ್ನೂ ಹೆಚ್ಚು. ಮುಗಿದ ಮೇಲೆ ಪ್ರೆಷರ್ ಇಳಿಯಲು ಮತ್ತೆ ಹತ್ತು. ಎಂಟು ನಿಮಿಷದ ಬೇಳೆ ತಟ್ಟೆಗೆ ಬೀಳುವಾಗ ಅರ್ಧ ಗಂಟೆ. ಇದನ್ನು ಡಬ್ಬಿಯ ಮೇಲೆ ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ಸೋಮವಾರ ಆ ಫೋನ್ ಮಾತು ಕೇಳಿದ ರಾತ್ರಿ ನಿದ್ದೆ ಬರದೆ ಕುಕ್ಕರಿನ ಚರಿತ್ರೆ ಓದಿದೆ. ಅಮ್ಮನ ಜೊತೆ ವಾದಕ್ಕೆ ನಾಲ್ಕು ಸಾಮಾನು ಬೇಕಿತ್ತು. 1679ರಲ್ಲಿ ಡೆನಿಸ್ ಪಾಪಿನ್ ಅನ್ನುವ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘಕ್ಕೆ ಬಿಗಿ ಮುಚ್ಚಳದ ಒಂದು ಪಾತ್ರೆ ತೋರಿಸಿದ, ಗಟ್ಟಿ ಮೂಳೆಯೂ ಅದರಲ್ಲಿ ಮೆತ್ತಗಾಗುತ್ತಿತ್ತು. 1682ರಲ್ಲಿ ಸೊಸೈಟಿಯ ಸದಸ್ಯರು ಅದರಲ್ಲಿ ಬೆಂದದ್ದನ್ನೇ ಉಂಡರಂತೆ. ಪಾತ್ರೆ ಸಿಡಿಯದಿರಲಿ ಅಂತ ಅವನು ಭಾರ ಕೂರಿಸಿದ ವಾಲ್ವ್ ಒಂದನ್ನು ಮಾಡಿದ. ಒಳಗೆ ಹಬೆ ಮಿತಿಮೀರಿದರೆ ಭಾರ ಮೇಲೇಳಬೇಕು. ಅಮ್ಮನ ಕುಕ್ಕರಿನ ವೆಯ್ಟ್ ಅದರದೇ ಮರಿಮಗಳು. ಕರೆಂಟಿನ ಪ್ರೆಷರ್ ಕುಕ್ಕರಿಗೆ ಪೇಟೆಂಟ್ ಅರ್ಜಿ ಬಿದ್ದದ್ದು ಎಷ್ಟೋ ಆಮೇಲೆ, 1991ರಲ್ಲಿ, ಚೀನಾದ ಒಬ್ಬ ಎಂಜಿನಿಯರಿಂದ. ಅಂದರೆ ಮುನ್ನೂರು ವರ್ಷ ಭಾರ ಎದ್ದು ಎದ್ದು ಕೂತಿದೆ, ಅದು ಏಳಬೇಕಾಗಿಯೇ ಇಲ್ಲ ಅಂದವರು ಬಂದದ್ದು ಮೊನ್ನೆ ಮೊನ್ನೆ. ಬೆಳಿಗ್ಗೆ ಇದನ್ನೆಲ್ಲ ಅಮ್ಮನಿಗೆ ಒಪ್ಪಿಸಿದೆ. “ಮೂಳೆ ಯಾಕೆ ಬೇಯಿಸ್ದ?” ಅಂತ ಒಂದೇ ಪ್ರಶ್ನೆ ಕೇಳಿ ಸ್ನಾನಕ್ಕೆ ಹೋದಳು.

ಅಮ್ಮ ಒಳ್ಳೆಯವಳೇ, ಆದರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಕೈಕಟ್ಟಿ ಕೂರುವವಳಲ್ಲ. ಮಂಗಳವಾರ ಕುಕ್ಕರಿನ ಒಂದೊಂದು ಬಟನ್ನಿನ ಕೆಳಗೂ ಬೆರಳಿಟ್ಟು ಇದೇನು, ಅದೇನು ಎಂದು ವಿಚಾರಣೆ ನಡೆಸಿದಳು. ಸ್ಲೋ ಕುಕ್ ಅನ್ನುವುದಕ್ಕೆ ಬಂದಾಗ, ಬೆಳಿಗ್ಗೆ ಹಾಕಿದರೆ ಸಣ್ಣ ಬಿಸಿಯಲ್ಲಿ ಸಂಜೆಯವರೆಗೆ ಬೇಯುತ್ತದೆ ಅಂದೆ.

“ಕಾಳು ಹಾಕ್ತೀಯಾ ಇದರಲ್ಲಿ?”

“ಹಾಕಿಲ್ಲ. ಹಾಕಬಹುದೇನೋ.”

“ರಾಜ್ಮಾ ಹಾಕ್ಬೇಡ. ಕುದಿ ಬರ್ದೆ ಇದ್ರೆ ವಾಂತಿ ಆಗುತ್ತೆ.”

ನೂರಕ್ಕೆ ನೂರು ನಿಜ. ಹಸಿ ರಾಜ್ಮಾದಲ್ಲಿ ಫೈಟೋಹೆಮಾಗ್ಲುಟಿನಿನ್ ಎಂಬ ವಿಷವಿದೆ. ನೆನೆಸಿದ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಮಾತ್ರ ಅದು ಸಾಯುತ್ತದೆ. ಸ್ಲೋ ಕುಕ್ಕಿನಲ್ಲಿ ಕುದಿ ಬರದೇ ಹೋಗಬಹುದು, ಕಾಳು ಮೆತ್ತಗಾಗಿ ಬೆಂದಂತೆ ಕಂಡರೂ ವಿಷ ಹಾಗೇ ಉಳಿಯುತ್ತದೆ. ಪ್ರೆಷರಿನಲ್ಲಿ ಬೇಯಿಸಿದರೆ ಆ ಭಯವಿಲ್ಲ. ನನಗೆ ಆ ಉದ್ದ ಹೆಸರು ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಅಷ್ಟೇ. ಅಮ್ಮನಿಗೆ ಹೆಸರು ಗೊತ್ತಿಲ್ಲ, ನೆನಪಾಗದೆ ಹೋದದ್ದೂ ಇಲ್ಲ.

ಬುಧವಾರದ್ದು ಹೇಳಲೇಬೇಕು. ಅವತ್ತು ಸೋಮವಾರದ ಮಾತಿಗೆ ಉತ್ತರ ಕೊಡುವ ಉಮೇದಿನಲ್ಲಿದ್ದೆ. ಇದೇ ಪಾತ್ರೆಯಲ್ಲಿ ಮೊದಲು ಈರುಳ್ಳಿ ಹುರಿದು, ನಾಲ್ಕು ಟೊಮೇಟೊ ಹೆಚ್ಚಿ ಹಾಕಿ ಬಾಡಿಸಿ, ಆಲೂಗಡ್ಡೆ, ಕ್ಯಾರೆಟ್ಟು, ನೆನೆದ ಕಡಲೆಕಾಳು ಸೇರಿಸಿ, ನೀರು ಹಾಕಿ ಮುಚ್ಚಿದೆ. ನೋಡು, ನಾನೇ ಹುರಿದಿದ್ದೇನೆ ಅನ್ನುವ ಹಾಗೆ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಜೋರಾಗಿ ಬಡಿದೆ ಕೂಡ. ಅಮ್ಮ ಹೊರಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

ಐದಾರು ನಿಮಿಷ ಆಗಿರಬೇಕು. ಸೊಪ್ಪಿನಿಂದ ತಲೆ ಎತ್ತದೆ ಅಮ್ಮ ಅಂದಳು: “ತಳ ಹಿಡೀತಿದೆ.”

“ಇಲ್ಲಮ್ಮ, ಹಾಗಾದ್ರೆ ಅದೇ ಹೇಳುತ್ತೆ.”

“ಹಿಡೀತಿದೆ ಕಣೋ.”

ನನಗೆ ಯಾವ ವಾಸನೆಯೂ ಬರಲಿಲ್ಲ. ಎದ್ದು ಹೋಗಿ ಮೂಗನ್ನು ಮುಚ್ಚಳದ ಹತ್ತಿರ ತಂದೆ. ಒತ್ತಡ ಏರಿದಾಗ ಎದ್ದು ಹಬೆಯ ದಾರಿ ಮುಚ್ಚುವ, ಮುಚ್ಚಳದ ಮೇಲಿನ ಪುಟ್ಟ ಲೋಹದ ಮೊಳೆ ಇನ್ನೂ ಮೇಲೆದ್ದಿರಲಿಲ್ಲ, ಅದರ ಸುತ್ತ ತೆಳ್ಳಗೆ ಹಬೆ ಸೋರುತ್ತಿತ್ತು. ಟೊಮೇಟೊ ವಾಸನೆ. ಅದರ ಕೆಳಗೆ, ಹುಡುಕಿದರೆ ಸಿಗುವಷ್ಟು, ಸೀದದ್ದು. ನಾನು ಹುಡುಕಿ ಮುಗಿಸುವಷ್ಟರಲ್ಲಿ ಯಂತ್ರ ಕೀಕ್ ಕೀಕ್ ಅಂದು ಪರದೆಯ ಮೇಲೆ ‘ಬರ್ನ್’ ಅಂತ ತೋರಿಸಿತು. ಹೊರಗಿನಿಂದ ಅಮ್ಮ, “ಈಗ ಹೇಳ್ತಾ?” ಅಂದಳು. ವ್ಯಂಗ್ಯವೇನೂ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ತಪ್ಪು ನನ್ನದೇ. ಈರುಳ್ಳಿ ಹುರಿದಾಗ ತಳಕ್ಕೆ ಅಂಟುವ ಕಂದು ಪದರವನ್ನು ಒಂದು ಲೋಟ ನೀರು ಹಾಕಿ ಮರದ ಸೌಟಿನಿಂದ ಕೆರೆದು ಬಿಡಿಸಿಕೊಂಡು ಮುಂದೆ ಹೋಗಬೇಕು. ಟೊಮೇಟೊದಂಥ ಗಟ್ಟಿ ರಸವನ್ನು ಎಲ್ಲದರ ಮೇಲೆ ಸುರಿದು, ಕಲಕದೆ, ಮುಚ್ಚಬೇಕು. ಬಿಸಿ ಬರುವುದು ತಳದಿಂದ ಮಾತ್ರ. ಅಲ್ಲಿ ತೆಳು ನೀರು ಇರದೆ ಗಟ್ಟಿ ರಸ ಕೂತರೆ ಹಬೆ ಏಳುವ ಮೊದಲು ಅದೇ ಸೀಯುತ್ತದೆ. ಇದೆಲ್ಲ ನನಗೆ ಕಂಠಪಾಠ. ಪರದೆ ಓದಿದ ಮೇಲೆ ನೆನಪಾಗುವ ಕಂಠಪಾಠ. ಮುಚ್ಚಳ ತೆಗೆದು, ತಳ ಕೆರೆದು, ಕಪ್ಪಾದ ಸಿಪ್ಪೆಗಳನ್ನು ಆರಿಸಿ ತೆಗೆದು ಮತ್ತೆ ಇಟ್ಟೆ. ಊಟಕ್ಕೆ ಕೂತಾಗ ಅಮ್ಮ, “ಸ್ವಲ್ಪ ಹೊಗೆ ವಾಸನೆ ಇದ್ರೂ ಚೆನ್ನಾಗಿದೆ” ಅಂತ ಎರಡನೇ ಸಲ ಹಾಕಿಸಿಕೊಂಡಳು. ಹೆಂಡತಿ ನನ್ನ ಮುಖ ನೋಡಿ ನೀರು ಕುಡಿಯುವ ನೆಪದಲ್ಲಿ ಲೋಟ ಅಡ್ಡ ಹಿಡಿದಳು.

ಆ ರಾತ್ರಿ ಪಾತ್ರೆ ತಿಕ್ಕುತ್ತಾ, ಸಿಲಿಕೋನ್ ಗ್ಯಾಸ್ಕೆಟ್ ಬಿಚ್ಚಿ ತೊಳೆಯುತ್ತಾ ಯೋಚಿಸಿದೆ. (ಅದು ಎಷ್ಟು ತೊಳೆದರೂ ಹೋದ ವಾರದ ಬೆಳ್ಳುಳ್ಳಿಯನ್ನು ಬಿಟ್ಟುಕೊಡುವುದಿಲ್ಲ. ಮೊಸರಿಗೆ ಬೇರೆ ಗ್ಯಾಸ್ಕೆಟ್ ಇಟ್ಟುಕೊಳ್ಳದವರು ಬೆಳ್ಳುಳ್ಳಿ ಮೊಸರು ತಿಂದೇ ಕಲಿಯುತ್ತಾರೆ.) ಅಮ್ಮನದೂ ಪ್ರೆಷರ್ ಕುಕ್ಕರೇ. ಅವಳೇನು ಅಕ್ಕಿಯನ್ನು ಊದಿ ಬೇಯಿಸುತ್ತಿದ್ದಳೇ? ಅಲ್ಲೂ ಅದೇ ಮಾಡುತ್ತಿತ್ತಲ್ಲ. ಆದರೂ ಅವಳದು ‘ಮಾಡುವುದು’, ನನ್ನದು ಯಾಕೆ ಅಲ್ಲ?

ಒಂದು ಉತ್ತರ ನಾನು ಬಚಾವಾಗುವಂಥದು. ಈ ಪಾತ್ರೆಯಲ್ಲಿ ಅಡುಗೆಯವನ ಬುದ್ಧಿಯೆಲ್ಲ ಮುಚ್ಚಳ ಹಾಕುವ ಮೊದಲೇ ಖರ್ಚಾಗಬೇಕು. ಒಲೆ ಮೇಲಿನ ತೆರೆದ ಪಾತ್ರೆಯಾದರೆ ನಡುವೆ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಬಹುದು, ಉಪ್ಪು ಸೇರಿಸಬಹುದು, ನೀರು ಕಡಿಮೆಯಾದರೆ ಚುಮುಕಿಸಬಹುದು. ಇಲ್ಲಿ ಅದಿಲ್ಲ. ಅಕ್ಕಿಗೆ ಒಂದಕ್ಕೆ ಒಂದೇ ಅಳತೆ ನೀರು, ಯಾಕೆಂದರೆ ಹಬೆ ಹೊರಗೆ ಹೋಗುವುದಿಲ್ಲ. ಅಮ್ಮನ ಕುಕ್ಕರಿನ ಅಳತೆ ಇಲ್ಲಿ ಹಾಕಿದರೆ ಗಂಜಿ. ಕಾಳು, ಬೇಳೆ ಆದರೆ ಪಾತ್ರೆಯ ಅರ್ಧ ದಾಟಬಾರದು, ಉಬ್ಬಿ ನೊರೆ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ತರಕಾರಿಗೆ ಮುಗಿದ ಕೂಡಲೇ ಹಬೆ ಬಿಡಬೇಕು, ಕಾಳಿಗೆ ತಾನಾಗಿ ಇಳಿಯಲು ಬಿಡಬೇಕು, ಇಲ್ಲದಿದ್ದರೆ ಸಿಪ್ಪೆ ಒಡೆದು ಚಿಂದಿಯಾಗುತ್ತದೆ. ಇಷ್ಟನ್ನೂ ಮೊದಲೇ ಲೆಕ್ಕ ಹಾಕಿ, ಪತ್ರ ಬರೆದು ಡಬ್ಬಿಗೆ ಹಾಕಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ ದೂರ ನಿಲ್ಲಬೇಕು. ಇದೂ ಮಾಡುವುದೇ.

ಇನ್ನೊಂದು ಉತ್ತರ ಅಷ್ಟು ಅನುಕೂಲದ್ದಲ್ಲ. ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದ್ದು ನನಗೆ ನೆನಪಿದೆ, ಎಣಿಸಿದ್ದು ನೆನಪಿಲ್ಲ. ಅಪ್ಪ ಪೇಪರ್ ಓದುತ್ತಿದ್ದರು, ನಾನು ಹೋಮ್‌ವರ್ಕ್, ತಂಗಿ ಟಿವಿ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಲೋ ಬಾಗಿಲಲ್ಲಿ ಯಾರ ಹತ್ತಿರವೋ ಮಾತಾಡುತ್ತಲೋ ಇರುತ್ತಿದ್ದಳು. ಮಾತಿನ ನಡುವೆ ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋಗಿ ಉರಿ ಆರಿಸುತ್ತಿದ್ದಳು. ಮೂರಾಗಿದೆ ಅಂತ ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಕೂಗುತ್ತಿದ್ದದ್ದು ಇಡೀ ಮನೆಗೆ, ಕೇಳುತ್ತಿದ್ದದ್ದು ಒಂದೇ ಕಿವಿಗೆ. ಎಷ್ಟು ವರ್ಷ ಆ ಕಿವಿ ಅಡುಗೆಮನೆಗೆ ಕಟ್ಟಿಕೊಂಡಿತ್ತು ಅಂತ ನಾನು ಯೋಚಿಸಿದವನಲ್ಲ. ನನಗೆ ಈ ಪಾತ್ರೆ ಇಷ್ಟವಾದದ್ದೇ ಕಿವಿ ಕೊಡಬೇಕಿಲ್ಲ ಅನ್ನುವುದಕ್ಕೆ. ಅದನ್ನೇ ಅಮ್ಮ ಎರಡು ಮಾತಿನಲ್ಲಿ ಹೇಳಿದ್ದಳೋ ಏನೋ. ಕೇಳಲು ಧೈರ್ಯ ಬರಲಿಲ್ಲ.

ಗುರುವಾರ ಅಮ್ಮ ಹೊರಟಳು. ನಿಮ್ಮನೆಗೂ ಒಂದು ತರಿಸಿಕೊಡಲಾ ಅಂದೆ. “ಬೇಡಪ್ಪ, ಅದು ಸುಮ್ನೆ ಕೂತಿರುತ್ತೆ, ಒಳಗೇನು ನಡೀತಿದೆಯೋ ಅಂತ ನಂಗೆ ಭಯ” ಅಂದಳು.

ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದೆ. ತಂಗಿಯ ವಿಷಯ, ಮಂಡಿನೋವಿನ ವಿಷಯ. ಮಾತಿನ ಹಿಂದೆ ಅವಳ ಕುಕ್ಕರ್ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಂಡಿಯ ಕಥೆ ನಡೆಯುತ್ತಲೇ ಇತ್ತು. ಮತ್ತೊಂದು ಕೂಗಿದ್ದೇ ನಾನು ಬಾಯಿ ಹಾಕಿದೆ.

“ಅಮ್ಮ, ಮೂರಾಯ್ತು.”

“ನಾಲ್ಕು,” ಅಂದಳು ಅಮ್ಮ. “ನೀನು ಫೋನ್ ಮಾಡೋಕೆ ಮುಂಚೆ ಒಂದಾಗಿತ್ತು. ಇರು, ಆರಿಸಿ ಬರ್ತೀನಿ.”