ಹಾಲು ತಾಕದ ಚಾಕೊಲೇಟ್ ಚಹಾ

ಆನೆಗೊಂದಿಯಲ್ಲಿ ನಮ್ಮದು ಮೂರು ಕೋಣೆಯ ಹೋಂಸ್ಟೇ. ಹೋದ ಚಳಿಗಾಲ ಇಸ್ರೇಲಿನ ಹೈಫಾದಿಂದ ಒಬ್ಬ ಅಮ್ಮ ಬಂದು ಹನ್ನೆರಡು ದಿನ ಇದ್ದರು. ಅರವತ್ತು ದಾಟಿದವರು. ಮೊದಲ ಸಂಜೆ ಶುಂಠಿ ಹಾಕಿ ಚಹಾ ಮಾಡಿಕೊಟ್ಟೆ. ಮುಟ್ಟಲಿಲ್ಲ. ನನಗೆ ಬೇಜಾರಾಯಿತು.

ಆಮೇಲೆ ಅವರೇ ಕೂರಿಸಿಕೊಂಡು ಹೇಳಿದರು. ಅವರದು ಕೋಷರ್ ಊಟ, ಅಂದರೆ ಯಹೂದಿ ಧರ್ಮದ ಕಟ್ಟಳೆಯಂತೆ ಮಾಡಿದ್ದು. ಹಾಲು, ಮಾಂಸ ಸೇರಬಾರದು. ಎರಡಕ್ಕೂ ಪಾತ್ರೆ ಬೇರೆ ಬೇರೆ. ಹಾಲು ಕರೆಯುವಾಗ ತಮ್ಮವರೊಬ್ಬರು ನೋಡಿರಬೇಕು ಅನ್ನುವುದು ಅವರ ಮನೆಯ ಪದ್ಧತಿ. ಅಜ್ಜಿಯ ಮಡಿ ನೋಡಿ ಬೆಳೆದವಳು ನಾನು, ಬೇಗ ಅರ್ಥವಾಯಿತು.

ರಾತ್ರಿ ಮಲಗುವ ಮುಂಚೆ ಚಾಕೊಲೇಟ್ ಚಹಾ ಕುಡಿಯುವುದು ಅವರ ಅಭ್ಯಾಸ. ತಂದಿದ್ದ ಪೊಟ್ಟಣ ಖಾಲಿಯಾಗಿತ್ತು. ಗಂಗಾವತಿಯಲ್ಲಿ ಸಿಗುತ್ತೆ, ತರ್ತೀನಿ ಅಂದುಬಿಟ್ಟೆ. ನಾಲ್ಕು ಅಂಗಡಿ ಸುತ್ತಿದೆ. ಸಿಕ್ಕಿದ್ದರಲ್ಲೆಲ್ಲ ಹಾಲಿನ ಪುಡಿ. ನಮ್ಮ ಹಸಿರು ಚುಕ್ಕೆ ಇಲ್ಲಿ ಸಾಲದು, ಹಾಲಿದ್ದರೂ ಹಸಿರೇ ಅಲ್ವಾ? ಅವರು ಹುಡುಕುವುದು ಬೇರೆ ಗುರುತು. ವೃತ್ತದೊಳಗೆ ಇಂಗ್ಲಿಷಿನ ಯು ಅಕ್ಷರ ಅಂಥದ್ದೊಂದು. ಪಕ್ಕದಲ್ಲಿ ಡಿ ಇದ್ದರೆ ಹಾಲಿನದು ಅಂತ. ಹಾಲೂ ಅಲ್ಲದ, ಮಾಂಸವೂ ಅಲ್ಲದ ಪದಾರ್ಥಕ್ಕೆ ಪಾರೆವ್ ಅನ್ನುತ್ತಾರೆ.

ಬರೀ ಚಹಾ ಸೊಪ್ಪಿನ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ತೊಂದರೆ ಇರುವುದು ಚಾಕೊಲೇಟಿನ ರುಚಿ ಬರಲೆಂದು ಸೇರಿಸುವ ಪರಿಮಳದಲ್ಲಿ. ಅದನ್ನು ಕರಗಿಸಲು ಬಳಸುವ ಗ್ಲಿಸರಿನ್ ಪ್ರಾಣಿಯ ಕೊಬ್ಬಿನದೂ ಆಗಿರಬಹುದು. ಹಾಗಾದರೆ ಪರಿಮಳವೇ ಬೇಡ, ಕೋಕೋ ಬೀಜವನ್ನೇ ಹಾಕೋಣ ಅನ್ನಿಸಿತು. ಪುತ್ತೂರಿನ ಕಡೆ ಅಡಿಕೆ ತೋಟದಲ್ಲಿ ಕೋಕೋ ಬೆಳೆಯುತ್ತಾರೆ. ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ ಅಲ್ಲಿ 1986ರಿಂದ ಇದೆ. ಆದರೆ ನಮಗೆ ಆ ಗುರುತಿನ ಪೊಟ್ಟಣವೇ ಬೇಕಿತ್ತು. ಹುರಿದು ಒಡೆದ ಕೋಕೋ ಚೂರು ಆನ್‌ಲೈನಿನಲ್ಲಿ ಸಿಕ್ಕಿತು. ಬರಲು ಆರು ದಿನ ಹಿಡಿಯಿತು. ಅವರು ಕನ್ನಡಕ ಏರಿಸಿ ಪೊಟ್ಟಣದ ಹಿಂದೆ ಮುಂದೆ ಓದಿ, ತಮ್ಮ ಧರ್ಮಗುರು ರಬ್ಬಿಗೆ ಫೋಟೊ ಕಳಿಸಿ, ಆಗಬಹುದು ಅಂದರು.

ಹೊಸ ಸ್ಟೀಲ್ ಪಾತ್ರೆ, ಹೊಸ ಸೋಸುಕ ತಂದೆ. ಒಂದು ಚಮಚ ಚೂರು ಕುಟ್ಟಿ, ಎರಡು ಕಪ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಬೇಕು. ಒಲೆ ಆರಿಸಿದ ಮೇಲೆಯೇ ಚಹಾ ಸೊಪ್ಪು ಹಾಕಬೇಕು, ಇಲ್ಲವಾದರೆ ಒಗರು ಜಾಸ್ತಿ. ಮೂರು ನಿಮಿಷ ಮುಚ್ಚಿಟ್ಟು ಸೋಸಿ, ಸಕ್ಕರೆ ಹಾಕಿದರೆ ಆಯಿತು. ಬಣ್ಣ ಮಳೆಗಾಲದ ತುಂಗಭದ್ರೆಯ ಹೊಸ ನೀರಿನ ಹಾಗೆ. ಮೇಲೆ ಸಣ್ಣ ಜಿಡ್ಡಿನ ಹನಿ ತೇಲುತ್ತವೆ. ಕೋಕೋದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕೊಬ್ಬೇ ಇರುತ್ತದೆ, ಗಾಬರಿ ಬೇಡ. ಪೊಟ್ಟಣದ ಚಹಾದಲ್ಲಿ ಮೂಗಿಗೆ ಬರುವ ಚಾಕೊಲೇಟ್ ನಾಲಿಗೆಗೆ ಸಿಗುವುದಿಲ್ಲ. ಇದರಲ್ಲಿ ಗುಟುಕು ಇಳಿದ ಮೇಲೂ ಆ ಕಹಿ ಉಳಿಯುತ್ತದೆ. ನನಗೆ ತುಂಬಾ ಹಿಡಿಸಿತು.

ಉಳಿದ ಐದು ರಾತ್ರಿಯೂ ಜಗುಲಿಯಲ್ಲಿ ಕೂತು ಇದನ್ನೇ ಕುಡಿದೆವು. ಹೊರಡುವ ದಿನ ಆ ಪಾತ್ರೆಯ ಹಿಡಿಗೆ ಅವರು ಒಂದು ಚೀಟಿ ಕಟ್ಟಿದರು. ಇದಕ್ಕೆ ಹಾಲು ತಾಕಿಲ್ಲ ಎಂದು ಹೀಬ್ರೂವಿನಲ್ಲಿ ಬರೆದಿದೆಯಂತೆ. ಪಾತ್ರೆಯನ್ನು ಬೇರೆ ಮೊಳೆಗೆ ನೇತುಹಾಕಿದ್ದೇನೆ.