1799ರ 365 ಮನೆಗಳು: ಪಟ್ಟಿ ಎಲ್ಲಿಗೆ ಬಂತು

1799ರ ಪ್ರತಿ ದಿನಕ್ಕೂ ಒಂದು ಮನೆ ಗೀಚಿಕೊಂಡು, ಅಂದು ನಡೆದದ್ದು, ಅಂದು ಹುಟ್ಟಿದವರು, ಅಂದು ತೀರಿಕೊಂಡವರು ಎಂದು ತುಂಬಿಸುತ್ತ ಬಂದಿರುವ ಪಟ್ಟಿಯಲ್ಲಿ ಈ ತಿಂಗಳ ಕೊನೆಗೆ 74 ಮನೆಗಳು ಭರ್ತಿಯಾಗಿವೆ. ಹೋದ ತಿಂಗಳು 61 ಇದ್ದವು. ತುಂಬಿದ್ದ ಕೆಲವು ಮನೆಗಳನ್ನು ಅಳಿಸಿ ಮತ್ತೆ ಬರೆಯಬೇಕಾಗಿ ಬಂದದ್ದರಿಂದ ವೇಗ ತಗ್ಗಿತು.

ಮೊದಲು ಅಳಿಸಿದ್ದು ರಷ್ಯಾದ ಕವಿ ಪುಷ್ಕಿನ್ ಅವರ ಜನ್ಮದಿನವನ್ನು. ರಷ್ಯಾದಲ್ಲಿ ಆಗ ನಡೆಯುತ್ತಿದ್ದ ಜೂಲಿಯನ್ ಪಂಚಾಂಗದಂತೆ ಅದು ಮೇ 26. ಇಂದಿನ ಗ್ರೆಗೋರಿಯನ್ ಪಂಚಾಂಗಕ್ಕೆ ಹೊಂದಿಸಲು ಹನ್ನೆರಡು ದಿನ ಕೂಡಿಸಿ ಜೂನ್ 7 ಎಂದು ಬರೆದಿದ್ದೆ. ಆದರೆ ಹನ್ನೆರಡು ದಿನಗಳ ಅಂತರ 1800ರ ಫೆಬ್ರವರಿ ಮುಗಿದ ಮೇಲಿನದು. 1799ರಲ್ಲಿ ಅಂತರವಿದ್ದದ್ದು ಹನ್ನೊಂದೇ ದಿನ, ಆದ್ದರಿಂದ ಸರಿಯಾದ ಮನೆ ಜೂನ್ 6.

ಫ್ರಾನ್ಸಿನ ತೊಡಕು ಬೇರೆ ಬಗೆಯದು. ಅಲ್ಲಿ ಕ್ರಾಂತಿಯ ಪಂಚಾಂಗ ಜಾರಿಯಲ್ಲಿತ್ತು. ನೆಪೋಲಿಯನ್ ಅಧಿಕಾರ ಹಿಡಿದ, ಆ ಪಂಚಾಂಗದ ಬ್ರೂಮೇರ್ ತಿಂಗಳ 18 ಎಂದರೆ ನವೆಂಬರ್ 9; ಆದರೆ ಸೈನಿಕರು ಪ್ಯಾರಿಸ್ ಬಳಿಯ ಸೇಂಟ್ ಕ್ಲೂನಲ್ಲಿ ಶಾಸನಸಭೆಯ ಸದಸ್ಯರನ್ನು ಹೊರದಬ್ಬಿದ್ದು ಮರುದಿನ. ಹೀಗಾಗಿ ಈ ಒಂದು ಘಟನೆಗೆ ಎರಡು ಮನೆಗಳನ್ನು ಕೊಟ್ಟಿದ್ದೇನೆ.

ಇಷ್ಟಾದ ಮೇಲೆ ನಮ್ಮ ಪಂಚಾಂಗವನ್ನು ಬಿಡುವುದು ನ್ಯಾಯವಲ್ಲವೆನಿಸಿ, ಅಂಚಿನಲ್ಲಿ ಸಂವತ್ಸರದ ಹೆಸರನ್ನೂ ಬರೆಯತೊಡಗಿದೆ. ಆಗ ನಾಲ್ಕನೆಯ ಮೈಸೂರು ಯುದ್ಧ ಎರಡು ಸಂವತ್ಸರಗಳಲ್ಲಿ ಹಂಚಿಹೋಯಿತು. ಮಾರ್ಚ್ 6ರ ಸಿದ್ಧೇಶ್ವರದ ಕಾಳಗ ಮತ್ತು ಮಾರ್ಚ್ 27ರ ಮಳವಳ್ಳಿ ಕಾಳಗ ಕಾಳಯುಕ್ತಿಗೆ ಸೇರಿದವು. ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ ಏಪ್ರಿಲ್ ಮೊದಲ ವಾರ, ಯುಗಾದಿಯ ಆಸುಪಾಸಿನಲ್ಲೇ, ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದಾಗ ಸಿದ್ಧಾರ್ಥಿ ಸಂವತ್ಸರಕ್ಕೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಕ್ಕೆ ಕುಳಿತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷ ಪೂರ್ತಿಯಾಗಲು ಎರಡು ವಾರ ಬಾಕಿಯಿತ್ತು.

ಈ ತಿಂಗಳ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಮನೆ ಜೂನ್ 22ರದು. ಅಂದು ಪ್ಯಾರಿಸ್ಸಿನಲ್ಲಿ ಪ್ಲಾಟಿನಮ್ಮಿನ ಮೀಟರ್ ಕೋಲನ್ನೂ ಕಿಲೋಗ್ರಾಂ ಬೊಟ್ಟನ್ನೂ ಗಣರಾಜ್ಯದ ದಾಖಲೆಗಳ ಭಂಡಾರಕ್ಕೆ ಒಪ್ಪಿಸಲಾಯಿತು. ಅದೇ ದಿನಾಂಕವನ್ನು ಹೊತ್ತ ವಿಭಜನಾ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪನಿಯೂ ನಿಜಾಮನೂ ಟಿಪ್ಪುವಿನ ರಾಜ್ಯವನ್ನು ಪಾಲು ಮಾಡಿಕೊಂಡರು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಒಂದೇ ಮನೆಯಲ್ಲಿ ಎರಡು ಬಗೆಯ ಅಳತೆಗಳು ಅಕ್ಕಪಕ್ಕ ಕುಳಿತಿರುವುದನ್ನು ನೋಡಿ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಜನನದ ಕಾಲಮ್ಮೂ ಮರಣದ ಕಾಲಮ್ಮೂ ಒಂದೇ ಜಾತಿಯವಲ್ಲ ಎಂಬುದು ತುಂಬಿಸುತ್ತ ಹೋದಂತೆ ಸ್ಪಷ್ಟವಾಯಿತು. ಫೆಬ್ರವರಿ 7ರಂದು ಚೀನಾದ ಚಿಯೆನ್‌ಲುಂಗ್ ಚಕ್ರವರ್ತಿ, ಡಿಸೆಂಬರ್ 14ರಂದು ಜಾರ್ಜ್ ವಾಷಿಂಗ್ಟನ್ ತೀರಿಕೊಂಡದ್ದು ಆ ಕಾಲದವರಿಗೇ ದೊಡ್ಡ ಸುದ್ದಿ. ಆದರೆ ಮೇ 20ರಂದು ಫ್ರಾನ್ಸಿನ ಟೂರ್ ಪಟ್ಟಣದಲ್ಲಿ ಮುಂದೆ ಕಾದಂಬರಿಕಾರನಾದ ಬಾಲ್ಜಾಕ್, ಮರುದಿನ ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಮುಂದೆ ಪಳೆಯುಳಿಕೆಗಳ ಶೋಧಕ್ಕೆ ಹೆಸರಾದ ಮೇರಿ ಆ್ಯನಿಂಗ್ ಹುಟ್ಟಿದ್ದು ಅವರವರ ಮನೆಯವರಿಗಷ್ಟೇ ಸುದ್ದಿ. 1799ರಲ್ಲಿ ಯಾರಾದರೂ ಇಂಥದೇ ಪಟ್ಟಿ ಮಾಡಿದ್ದರೆ ಜನನದ ಕಾಲಮ್ಮಿನಲ್ಲಿ ರಾಜಕುಮಾರರಷ್ಟೇ ಇರುತ್ತಿದ್ದರು.

ಬಗೆಹರಿಯಬೇಕಾದದ್ದು ಇನ್ನೊಂದಿತ್ತು: ಸುದ್ದಿ ತಲುಪಿದ ದಿನವನ್ನು ಹೇಗೆ ಬರೆಯುವುದು? ಶ್ರೀರಂಗಪಟ್ಟಣದ ಪತನದ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವಂತೂ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಘಟನೆ ನಡೆದ ದಿನಕ್ಕೆ ಕಪ್ಪು ಶಾಯಿ, ಸುದ್ದಿ ತಲುಪಿದ ದಿನಕ್ಕೆ ಕೆಂಪು ಶಾಯಿ ಎಂದು ನಿಶ್ಚಯಿಸಿದ್ದೇನೆ. ಮುಂದಿನ ತಿಂಗಳು ಜುಲೈ: ರಣಜಿತ್ ಸಿಂಗ್ ಲಾಹೋರನ್ನು ವಶಪಡಿಸಿಕೊಂಡ 7ನೇ ತಾರೀಕಿನಿಂದ ಆರಂಭ.